ಮೊದಲ ಪಗಾರ, ಮನಸ್ಸಿನ ಕೆಲಸ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲೂಕುಗಳಲ್ಲಿ ಓದು ಮುಗಿಸಿದ ಹುಡುಗ ಹುಡುಗಿಯರಿಗೆ ದಾರಿಗಳೇ ಇಲ್ಲ ಎನ್ನುವಂತಿಲ್ಲ. ಕೃಷ್ಣಾ, ದೂಧಗಂಗಾ ದಂಡೆಗುಂಟ ಸಕ್ಕರೆ ಕಾರ್ಖಾನೆಗಳಿವೆ. ಗಡಿ ದಾಟಿದರೆ ಕಾಗಲದ ಎಂಐಡಿಸಿ ಕೈಗಾರಿಕಾ ಪ್ರದೇಶ, ಗೋಕುಳ ಶಿರಗಾಂವ. ಆ ಕಡೆ ಮಿರಜ, ಕುಪವಾಡ. ಇನ್ನೂ ಮುಂದೆ ಪುಣೆ, ಬೆಂಗಳೂರು. ನಸುಕಿನಲ್ಲೆದ್ದು ಸೈನ್ಯದ ಭರ್ತಿಗಾಗಿ ಓಡುವವರು, ಧಾರವಾಡದಲ್ಲಿ ಕೋಣೆ ಹಿಡಿದು ಸರ್ಕಾರಿ ಪರೀಕ್ಷೆಗೆ ಓದುವವರು ಬೇರೆ. ಆದರೆ ಮೊದಲ ನೌಕರಿಯೇ ತನಗೆ ಅರ್ಥವಿದೆ ಎನ್ನಿಸುವ ಕೆಲಸವಾಗಿರಲಿ ಎಂದು ಬಾಯಿಬಿಟ್ಟು ಕೇಳುವವರು ಕಡಿಮೆ. ಕೇಳಿದವರಿಗೆ ಮನೆಯಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಮೊದಲು ಪಗಾರ ತಗೊಂಡು ಬಾ, ಆಮೇಲೆ ಮನಸ್ಸಿನ ಮಾತು.

ಇಲ್ಲಿ ಮಾತಾಡುವ ಇಬ್ಬರಿಗೆ ಹೆಸರಿಲ್ಲ. ಇಂಥವರು ಈ ಸೀಮೆಯ ಊರೂರಲ್ಲಿ ಇದ್ದಾರೆ. ಒಬ್ಬರು ಸಕ್ಕರೆ ಕಾರ್ಖಾನೆಯ ಪ್ಯಾನ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು, ಮಿರಜದ ದವಾಖಾನೆಗೆ ಹೊರಟವರು. ಇನ್ನೊಬ್ಬಳು ಅಥಣಿ ಕಡೆಯ ಚಪ್ಪಲಿ ಮಾಡುವ ಮನೆತನದವಳು. ಚಿಕ್ಕೋಡಿಯ ಕೆಎಲ್‌ಇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವಳು. ಅವಳ ಚೀಲದಲ್ಲಿ ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರ ನೇಮಕಾತಿ ಪತ್ರವಿದೆ. ಕುಡಚಿ ಸ್ಟೇಶನ್ನಿನಲ್ಲಿ ಗಾಡಿ ಕಾಯುತ್ತಾ ಮಾತು ಶುರುವಾಗುತ್ತದೆ.

ಹಿರಿಯರು: ನೌಕರಿ ಹತ್ತೇತಿ ಅಂತ ನಿಮ್ಮಪ್ಪ ಹೇಳಿದ. ಪೇಢೆ ಹಂಚೂದು ಬಿಟ್ಟು ಮಾರಿ ಸಣ್ಣ ಮಾಡ್ಕೊಂಡು ಕುಂತೀಯಲ್ಲ, ಯಾಕ ಯವ್ವಾ?

ಯುವತಿ: ನೌಕರಿ ಹತ್ತೇತ್ರಿ ಕಾಕಾ. ಮಂದಿ ಮಾಡಿದ ಸಾಫ್ಟ್‌ವೇರ್‌ದಾಗ ತಪ್ಪು ಹುಡುಕೂ ಕೆಲಸ. ಎರಡು ವರ್ಷ ಬಿಡಂಗಿಲ್ಲ ಅಂತ ಬಾಂಡ್ ಬರದು ಕೊಡಬೇಕಂತ. ಮಾಡಾಕ ಬರ್ತೈತಿ, ಮಾಡ್ತೀನಿ. ಆದ್ರ ಇದು ನಾನ ಮಾಡಬೇಕಾದ ಕೆಲಸ ಅಂತ ಒಳಗ ಅನಸಬೇಕಲ್ರಿ? ಅದು ಅನಸವಲ್ದು.

ಹಿರಿಯರು: ಅದು ಮೊದಲ ದಿನಾ ಅನಸ್ತೈತೇನು? ನಾ ಕಾರ್ಖಾನಿಗೆ ಸೇರಿದಾಗ ಸೀಜನಲ್ ಕೆಲಸ. ಕಬ್ಬು ನುರಿಸೂ ಹಂಗಾಮು ಇರೂತನಕ ಪೂರಾ ಪಗಾರ, ಹಂಗಾಮು ಮುಗಿದ ಮ್ಯಾಲ ರಿಟೇನ್ಶನ್ ಅಂತ ಅದರಾಗಿಂದು ಒಂದು ಪಾಲು. ಕಾಯಂ ಆಗಾಕ ಭಾಳ ವರ್ಷ ಹಿಡೀತು. ಮೊದಮೊದಲ ನನಗ ಉಗಿ, ಶೆಕಿ, ರಾತ್ರಿಪಾಳಿ ನಿದ್ದಿ, ಇಷ್ಟ ಗೊತ್ತು. ಅರ್ಥ ಗಿರ್ಥ ಅಂತ ಕೇಳಾಕ ಪುರಸೊತ್ತೂ ಇದ್ದಿಲ್ಲ.

ಯುವತಿ: ಆಮ್ಯಾಲ?

ಹಿರಿಯರು: ಆಮ್ಯಾಲ ಕೈಗೆ ಬಂತು. ಪ್ಯಾನಿನ್ಯಾಗ ಪಾಕ ಕುದ್ದು ಹರಳು ಕಟ್ಟೂ ಹೊತ್ತು ಅಂತ ಒಂದೈತಿ. ಅದರಾಗಿಂದು ಒಂದೀಟು ತಗದು, ಗಾಜಿನ ಮ್ಯಾಲ ಹಚ್ಚಿ, ಬೆರಳಾಗ ಹಿಡದು ನೋಡ್ತಿದ್ವಿ. ಹರಳು ಒಂದ ಸಮ ಬಂದಾವೋ ಇಲ್ಲೋ, ನಡುವ ಸಣ್ಣ ಪುಡಿ ಹುಟ್ಟೇತೋ, ಬೆರಳ ಹೇಳ್ತಿತ್ತು. ನಾ ಹೂಂ ಅಂದ ಮ್ಯಾಲ ಪ್ಯಾನ್ ಇಳಸ್ತಿದ್ರು. ದೊಡ್ಡ ಸಾಹೇಬರು ನಿಂತಿದ್ರೂ ನನ್ನ ಹೂಂಕ್ಕ ಕಾಯ್ತಿದ್ರು. ಆವಾಗ ಈ ಕೆಲಸ ನಂದು ಅನಿಸ್ತು. ಮೊದಲ ಕೈ ಕಲೀಬೇಕು, ಮನಸ್ಸು ಅದರ ಹಿಂದ ಬರ್ತೈತಿ.

ಇದು ಬರೀ ಹಳಬರ ಜಂಬವಲ್ಲ. ಈ ಸೀಮೆಗೆ ಸಕ್ಕರೆಯ ಕಸುಬು ಹಳೆಯದು: 1939ರಲ್ಲೇ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಆಮೇಲೆ ಸಹಕಾರಿ ಕಾರ್ಖಾನೆಗಳು ಬಂದವು. ಈಗ ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ತರಗತಿಯಲ್ಲಿ ಪಾಠ ನಡೆಯುತ್ತದೆ. ಈ ಹಿರಿಯರ ತಲೆಮಾರು ಕಲಿತದ್ದು ಮಾತ್ರ ಬಿಸಿ ಪ್ಯಾನಿನ ಪಕ್ಕದಲ್ಲಿ ನಿಂತು. ಕೈಗೆ ಕಸುಬು ಹತ್ತಿದ ಮೇಲೆ ಹುಟ್ಟುವ ಅಭಿಮಾನ ಎಂಥದೆಂದು ಅವರಿಗೆ ಗೊತ್ತು. ಆದರೆ ಯುವತಿ ಅಷ್ಟಕ್ಕೇ ಒಪ್ಪುವವಳಲ್ಲ.

ಯುವತಿ: ನೀವು ಹೇಳೂದಕ್ಕ ಅಮೆರಿಕಾದಾಗೂ ಸಾಕ್ಷಿ ಐತ್ರಿ. ಏಮಿ ರೆಸ್ನೆವ್‌ಸ್ಕಿ ಅನ್ನೂ ಸಂಶೋಧಕಿ, ಅವರ ಜೋಡಿ ಕೆಲವರು ಕೂಡಿ 1997ರಾಗ ಒಂದು ಲೇಖನ ಬರದಾರ. ಒಂದ ನಮೂನಿ ಕೆಲಸ ಮಾಡೂ ಆಫೀಸಿನ ಸಹಾಯಕರನ್ನ ಕೇಳಿದ್ರ, ಹೆಚ್ಚೂಕಡಿಮಿ ಮೂರು ಪಾಲು ಆದ್ರಂತ. ಒಂದು ಪಾಲು ಇದು ಹೊಟ್ಟಿಪಾಡು ಅಂದ್ರು, ಒಂದು ಪಾಲು ಮ್ಯಾಲ ಹತ್ತೂ ಮೆಟ್ಲು ಅಂದ್ರು, ಇನ್ನೊಂದು ಪಾಲು ಇದ ನನ್ನ ಬಾಳಿನ ಕೆಲಸ ಅಂದ್ರು. ಕೆಲಸಕ್ಕ ಸೇರಿ ಭಾಳ ವರ್ಷ ಆದವರೊಳಗ ಹಂಗ ಅನ್ನೋರು ಜಾಸ್ತಿ.

ಹಿರಿಯರು: ನೋಡು ಮತ್ತ! ನಾ ಕಾರ್ಖಾನ್ಯಾಗ ಕಲತದ್ದ ಅವರು ಕಾಗದದಾಗ ಬರದಾರ.

ಯುವತಿ: ಪೂರಾ ಕೇಳ್ರಿ ಕಾಕಾ. ಮನಸ್ಸು ಕೂಡದವರು ನಡುವ ಬಿಟ್ಟು ಹೋಗಿರ್ತಾರ. ಆಮ್ಯಾಲ ಎಣಸಾಕ ಹ್ವಾದ್ರ ಸಿಗಾವ್ರು ಉಳದವರ ಅಲ್ರಿ? ನಿಮ್ಮ ಜೋಡಿ ಸೇರಿದವರೊಳಗ ಎಷ್ಟು ಮಂದಿ ಕಡೀತನಕ ಉಳದ್ರು?

ಹಿರಿಯರು: ಹೂಂ... ಭಾಳ ಮಂದಿ ಉಳೀಲಿಲ್ಲ. ಕೆಲವರು ಇಚಲಕರಂಜಿ ಮಗ್ಗಕ್ಕ ಹ್ವಾದ್ರು, ಕೆಲವರು ಹೊಲಕ್ಕ ತಿರುಗಿದ್ರು.

ಯುವತಿ: ಅವರ ಕಥಿ ಯಾರೂ ಕೇಳೂದುಲ್ಲ. ಇನ್ನ ನಮ್ಮವ್ವನ್ನ ನೋಡ್ರಿ. ಅಪ್ಪ ಅಟ್ಟಿ ಕೊಯ್ತಾನ, ಹೊಲೀತಾನ. ಮ್ಯಾಲಿನ ಪಟ್ಟಿ, ಹೆಣಿಕಿ, ಉಂಗುಟ ಎಲ್ಲಾ ಅವ್ವಂದು. ನಾ ಹುಟ್ಟೂಕಿಂತ ಮೊದಲಿಂದ ಹೆಣಿಯಾಕತ್ತಾಳ. ಕೈ ಕಲೀಲಿಲ್ಲ ಅಂತೀರೇನು? ಕಣ್ಣು ಮುಚ್ಚಿ ಹೆಣಿತಾಳ. ಆದ್ರ ನಿಮ್ಮ ಹೂಂಕ್ಕ ಸಾಹೇಬರು ಕಾಯ್ತಿದ್ರು, ಅವ್ವನ ಹೂಂಕ್ಕ ಯಾರೂ ಕಾಯೂದುಲ್ಲ. ವ್ಯಾಪಾರಿ ಬಂದು ರೇಟು ಹೇಳ್ತಾನ, ಕೊಟ್ಟಷ್ಟು ತಗೋಬೇಕು. ಕೈಗೆ ಬಂದ ಕಸುಬಿಗೆ ಮರ್ಯಾದಿ ಬರದಿದ್ರ ಮನಸ್ಸು ಹೆಂಗ ಕೂಡ್ತೈತ್ರಿ?

ಈ ಪ್ರಶ್ನೆಗೆ ಹಿರಿಯರಲ್ಲಿ ಸಿದ್ಧ ಉತ್ತರವಿಲ್ಲ. ಈ ಭಾಗದ ಚಪ್ಪಲಿಯ ಚರಿತ್ರೆಯಲ್ಲೂ ಪೂರ್ತಿ ಉತ್ತರವಿಲ್ಲ. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಮನೆಯಂಗಳಗಳಲ್ಲೂ ತಯಾರಾಗುತ್ತದೆ. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಮೊಳೆ ಬಡಿಯದೆ ತೊಗಲಿನ ದಾರದಿಂದಲೇ ಹೊಲಿಗೆ. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಆ ಹಕ್ಕು ಸಂದಿತು. ಅದಕ್ಕೂ ಮೊದಲೇ, ಮಧುರಾ ಛತ್ರಪತಿಯವರ ಸಂಸ್ಥೆಯ ನೆರವಿನಿಂದ ಅಥಣಿಯ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ಟೋಹೋಲ್ಡ್ ಎಂಬ ಹೆಸರಿನಲ್ಲಿ ಒಂದಾಗಿ ವಿದೇಶಕ್ಕೆ ಚಪ್ಪಲಿ ಕಳಿಸಿದ್ದುಂಟು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿತು, ಎಲ್ಲಿಯದೆಂದು ಹೇಳಲಿಲ್ಲ. ಗದ್ದಲವಾಯಿತು. ಕೊಲ್ಹಾಪುರದ ಹೆಸರೊಂದೇ ಕೇಳಿಬಂದಾಗ, ಕುಶಲಕರ್ಮಿಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ಇದ್ದಾರೆಂದು ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಿದರು. ಅದೇ ಡಿಸೆಂಬರ್‌ನಲ್ಲಿ ಪ್ರಾಡಾ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಸುಮಾರು 2,000 ಜೋಡಿ ಇಲ್ಲಿಯೇ ಮಾಡಿಸಿ, ಜೋಡಿಗೆ 800 ಯೂರೋ ಆಸುಪಾಸಿನ ಬೆಲೆಗೆ ಮಾರುವ ಯೋಜನೆ ಪ್ರಕಟವಾಯಿತು.

ಯುವತಿ: ನಮ್ಮ ಸಂತ್ಯಾಗ ಐನೂರಕ್ಕ ಚೌಕಾಶಿ ಮಾಡೂ ಜೋಡು ಅಲ್ಲಿ ಮುಕ್ಕಾಲು ಲಕ್ಷ ದಾಟ್ತೈತಿ. ನಡುವಿನ ಈ ಹಾದ್ಯಾಗ ನನಗ ಕೆಲಸ ಕಾಣಸ್ತೈತ್ರಿ ಕಾಕಾ. ಅಳತಿ, ವಿನ್ಯಾಸ, ಗಿರಾಕಿ ಜೋಡಿ ನೇರ ಮಾತು, ಲೆಕ್ಕ. ಅವ್ವನ ಕೈ, ನನ್ನ ಓದು ಕೂಡಿದ್ರ ಏನರ ಆಗ್ತೈತಿ ಅಂತ ಆಸೆ ಐತಿ. ಆಸೆ ಇಟ್ಕೊಳ್ಳೂದು ತಪ್ಪೇನ್ರಿ?

ಹಿರಿಯರು: ತಪ್ಪಲ್ಲ. ನಿಮ್ಮಪ್ಪ ಏನಂತಾನ?

ಯುವತಿ: ಮನ್ಯಾಗಿನ ತೊಗಲಿನ ವಾಸನಿ ಬಿಡಲಿ ಅಂತ ನಿನ್ನ ಓದಿಸೇನಿ, ತಿರುಗಿ ಅದರಾಗ ಕುಂದರಲಿ ಅಂತ ಅಲ್ಲ ಅಂತಾನ.

ಹಿರಿಯರು: ಹರಳಯ್ಯ ಮಾಡಿದ ಕಾಯಕ ಅದು. ಶರಣರು ತಲೀಮ್ಯಾಲ ಹೊತ್ಕೊಂಡ ಕಸುಬು. ಅದಕ್ಕ ನಾಚ್ಕೋತಾನೇನು ನಿಮ್ಮಪ್ಪ?

ಯುವತಿ: ಹರಳಯ್ಯನ ಹೆಸರಿಗೆ ಎಲ್ಲಾರೂ ಕೈ ಮುಗೀತಾರ್ರಿ. ನಮ್ಮಪ್ಪ ಕಸುಬಿಗೆ ನಾಚೂದುಲ್ಲ, ಊರು ತನ್ನ ನೋಡೂ ರೀತಿಗೆ ಬ್ಯಾಸತ್ತಾನ. ಸಾಲ್ಯಾಗ ನನ್ನ ಜಾತಿ ಹೆಸರು ಹಿಡದು ಕರದಾಗ ಅವ ಬಂದು ಬಾಗಲದಾಗ ನಿಂತಿದ್ದ. ಅದನ್ನ ಅವ ಮರತಿಲ್ಲ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಮನಸ್ಸಿಗೆ ಒಪ್ಪುವ ಕೆಲಸದ ಬಗೆಗಿನ ಎಷ್ಟೋ ಉಪದೇಶಗಳು ಈ ಜಾಗಕ್ಕೆ ಬಂದು ತಡವರಿಸುತ್ತವೆ. ಒಂದು ಕಸುಬನ್ನು ಆರಿಸಿಕೊಂಡು ಮಾಡುವವರಿಗೂ, ಹುಟ್ಟಿದ ಜಾತಿಯ ಕಾರಣಕ್ಕೆ ಅದನ್ನೇ ಮಾಡಬೇಕಾಗಿ ಬಂದವರಿಗೂ ಅದೇ ಕೆಲಸದ ಅರ್ಥ ಬೇರೆ ಬೇರೆ. ಬೆಂಗಳೂರಿನಿಂದ ವಿನ್ಯಾಸ ಕಲಿತು ಬಂದ ಹುಡುಗಿ ಅಥಣಿಯಲ್ಲಿ ಚಪ್ಪಲಿ ಮಾಡಿಸಿದರೆ ಪತ್ರಿಕೆಗಳು ಅವಳ ಚಿತ್ರ ಹಾಕುತ್ತವೆ. ಚಪ್ಪಲಿ ಮಾಡುವ ಮನೆಯ ಮಗಳೇ ಮರಳಿ ಬಂದರೆ ನೌಕರಿ ಸಿಗಲಿಲ್ಲವೇನೋ ಎಂದು ಊರು ಕೇಳುತ್ತದೆ. ಅಪ್ಪನ ಅಂಜಿಕೆಗೆ ಆಧಾರವಿದೆ. ಮಗಳ ಆಸೆಗೂ ಇದೆ.

ಯುವತಿ: ನಮ್ಮ ಕಾಲೇಜಿನ್ಯಾಗ ಏಳು ಮಂದಿ ಸಪ್ತರ್ಷಿಗಳ ಹೆಸರು ಹೇಳ್ತಿದ್ರು. 1916ರ ನವೆಂಬರ್ 13ಕ್ಕ ಬೆಳಗಾವ್ಯಾಗ ಕೆಎಲ್‌ಇ ಸಂಸ್ಥೆ ಶುರು ಮಾಡಿದ ಮಾಸ್ತರು. ಅವರೊಳಗ ಶಿ. ಶಿ. ಬಸವನಾಳರು ಹುಟ್ಟಿದ್ದು 1893ರಾಗ, ಅಂದ್ರ ಆವಾಗ ಅವರಿಗೆ ಇಪ್ಪತ್ಮೂರು. ನನ್ನ ವಾರಿಗಿ. ಡಿಗ್ರಿ ಇತ್ತು, ಸರ್ಕಾರಿ ನೌಕರಿ ಹಿಡದು ಆರಾಮ ಇರಬಹುದಿತ್ತು. ಸಾಲಿ ಕಟ್ಟಿದ್ರು. ಮೊದಲ ಪಗಾರ, ಆಮ್ಯಾಲ ಮನಸ್ಸು ಅಂತ ಅವರೂ ಕುಂತಿದ್ರ ಚಿಕ್ಕೋಡ್ಯಾಗ ನನಗ ಕಾಲೇಜ ಎಲ್ಲಿಂದ ಬರ್ತಿತ್ತು?

ಹಿರಿಯರು: ಖರೇ ಐತಿ. ಆದ್ರ ಅವರ ಹಿಂದ ಯಾರಿದ್ರು ನೋಡು. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿನ ವಿದ್ಯಾಕ್ಕ ಬರದಿಟ್ಟು ಹೋಗಿದ್ರು. ಅರಟಾಳ ರುದ್ರಗೌಡ್ರಂಥ ಹಿರಿಯರು ಬೆನ್ನಿಗೆ ನಿಂತ್ರು. ಏಳು ಮಂದಿ ಕೂಡಿ ಇಳದ್ರು, ಒಬ್ಬಾವ ಬಿದ್ರ ಎತ್ತಾಕ ಆರು ಮಂದಿ. ನಿನ್ನ ಬೆನ್ನಿಗೆ ಯಾರದಾರ?

ಯುವತಿ: ನಮ್ಮಣ್ಣ. ಹನ್ನೆರಡನೇತ್ತೆ ಮುಗಿಸಿ ಸಾಲಿ ಬಿಟ್ಟ. ಕಾಗಲ ಎಂಐಡಿಸ್ಯಾಗ ಪಾಳಿ ಮಾಡ್ತಾನ. ನನ್ನ ಫೀಸಿನ್ಯಾಗ ಅವನ ಪಾಲು ದೊಡ್ಡದು.

ಹಿರಿಯರು: ಕಾಗಲ! ನಮ್ಮ ಮಾಸ್ತರು ಗೋಪಾಲಕೃಷ್ಣ ಗೋಖಲೆ ಅವರ ಕಥಿ ಹೇಳ್ತಿದ್ರು. ಅಪ್ಪ ತೀರಿದ ಮ್ಯಾಲ ಅಣ್ಣ ಗೋವಿಂದರಾಯ ಓದು ಬಿಟ್ಟು ಅದ ಕಾಗಲದಾಗ 15 ರೂಪಾಯಿ ಪಗಾರಕ್ಕ ನಿಂತ. ಅದರಾಗ 8 ರೂಪಾಯಿ ತಮ್ಮನ ಓದಿಗೆ ಕಳಸ್ತಿದ್ದ. ತಮ್ಮ ಬಿ.ಎ. ಮುಗಿಸಿ, ಇಪ್ಪತ್ತರ ಆಸುಪಾಸಿನ್ಯಾಗ ಪುಣೆದಾಗ ಮಾಸ್ತರಾದ, ದೇಶಕ್ಕ ಬೇಕಾದವನಾದ. ಗೋಖಲೆಯವರಿಗೆ ಮನಸ್ಸಿನ ಕೆಲಸ ಸಿಕ್ತು. ಗೋವಿಂದರಾಯಗ ಏನು ಸಿಕ್ತು?

ಯುವತಿ: ನಮ್ಮಣ್ಣಗ ನೀ ಏನಾಗ್ಬೇಕಂತಿದ್ದಿ ಅಂತ ನಾನೂ ಯಾವಾಗೂ ಕೇಳಿಲ್ರಿ ಕಾಕಾ.

ಹಿರಿಯರು: ಅದಕ್ಕ ಹೇಳಾಕತ್ತೀನಿ. ಮೊದಲ ಎರಡು ವರ್ಷ ಮನಿ ಋಣ ಇಳಸು. ಅಣ್ಣಗ ಒಂದೀಟು ಉಸಿರಾಡಾಕ ಬಿಡು.

ಯುವತಿ: ಒಪ್ತೀನಿ. ಆದ್ರ ಅಣ್ಣ ಹಗಲು ರಾತ್ರಿ ದುಡದದ್ದು ನಾನೂ ಅವನಂಗ ಬ್ಯಾಸರಾಗಿ ದುಡೀಲಿ ಅಂತೇನ್ರಿ? ಒಬ್ಬರರ ಹೊರಗ ಬರಲಿ ಅಂತ ಅಲ್ಲ? ಗೋಖಲೆ ಎಲ್ಲಾ ಬಿಟ್ಟು ಬರೇ ದೊಡ್ಡ ಪಗಾರ ಹುಡುಕಿದ್ರ ಗೋವಿಂದರಾಯನ 8 ರೂಪಾಯಿ ಸಾರ್ಥಕ ಆಗ್ತಿತ್ತೇನು?

ಸೇವೆಗೂ ಪಗಾರಕ್ಕೂ ನಡುವಿನ ಈ ಜಗ್ಗಾಟ ಗೋಖಲೆಯವರು ಸೇರಿದ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲೂ ನಡೆದದ್ದು. ಆಜೀವ ಸದಸ್ಯರು ಕಡಿಮೆ ಸಂಬಳಕ್ಕೆ ದುಡಿಯಬೇಕು, ಸರಿ. ಹೊರಗೆ ಗಳಿಸಿದ ಹಣವನ್ನು ಇಟ್ಟುಕೊಳ್ಳಬಹುದೇ? ಕೂಡದು ಎಂದು ಪಟ್ಟು ಹಿಡಿದ ತಿಲಕರು 1890ರಲ್ಲಿ ತಾವೇ ಕಟ್ಟಿದ ಸಂಸ್ಥೆಯಿಂದ ಹೊರಬಂದರು. ಗೋಖಲೆ ಉಳಿದರು, 1902ರವರೆಗೆ ಕಲಿಸಿದರು. ಇಬ್ಬರ ನಿಷ್ಠೆಯನ್ನೂ ಯಾರೂ ಶಂಕಿಸಲಾರರು. ಅಂಥವರಿಗೇ ಬಗೆಹರಿಯದ ಲೆಕ್ಕವನ್ನು ಇಪ್ಪತ್ತೆರಡರ ಹುಡುಗಿಯೊಬ್ಬಳು ನೇಮಕಾತಿ ಪತ್ರದ ಕೊನೆಯ ತಾರೀಖಿನೊಳಗೆ ಬಿಡಿಸಬೇಕು ಎನ್ನುವುದು ನ್ಯಾಯವಲ್ಲ.

ಹಿರಿಯರು: ಇನ್ನೊಂದು ಮಾತು. ಕೆಲಸದಾಗ ಅರ್ಥ ಐತೋ ಇಲ್ಲೋ ಅಂತ ನೀ ಒಬ್ಬಾಕಿ ಕುಂತು ಹುಡುಕಾಕತ್ತಿ. ನಿಪ್ಪಾಣಿ ತಂಬಾಕಿನ ವಖಾರ್ಯಾಗ ಹೆಣ್ಮಕ್ಕಳು ದುಡೀತಿದ್ರು. ಧೂಳು, ಘಾಟು, ಕೆಮ್ಮು. ಅದರಾಗ ಏನು ಅರ್ಥ ಸಿಗಬೇಕು? ಆದ್ರ ಪ್ರೊ. ಸುಭಾಷ ಜೋಶಿಯವರ ಜೋಡಿ ಸಂಘ ಕಟ್ಟಿ, ಕೂಲಿ ಹೆಚ್ಚು ಮಾಡ್ರಿ ಅಂತ ಹೊರಗ ಬಂದು ನಿಂತಾಗ ಅದ ಹೆಣ್ಮಕ್ಕಳ ಮಾರಿಮ್ಯಾಲ ಕಳೆ ಬಂತು. ಕೆಲಸ ಅದ, ಮಂದಿ ಕೂಡಿದ್ರು.

ಆ ಹೆಣ್ಣುಮಕ್ಕಳ ಹೋರಾಟವನ್ನು 1982ರಲ್ಲಿ ದೀಪಾ ಧನರಾಜ್ ಅವರಿದ್ದ ಯುಗಾಂತರ ಎಂಬ ಮಹಿಳಾ ತಂಡ ಚಿತ್ರವಾಗಿಸಿತು. ಅದರಲ್ಲಿ ಮಾತಾಡುವವರು ಆ ಕೆಲಸಗಾರ್ತಿಯರೇ.

ಯುವತಿ: ಅಂದ್ರ ನೀವು ನನ್ನ ಮಾತ ಹೇಳಾಕತ್ತೀರಿ. ಆ ಹೆಣ್ಮಕ್ಕಳು ಇದ್ದದ್ದ ಸಾಕು ಅಂತ ಸುಮ್ನ ಕುಂದರಲಿಲ್ಲ. ಕೆಲಸ ಹಿಂಗ ಇರಬಾರ್ದು ಅಂದ್ರು.

ಹಿರಿಯರು: ಹೌದು, ಆದ್ರ ಕೆಲಸ ಬಿಟ್ಟು ಓಡಲಿಲ್ಲ. ಒಳಗ ಇದ್ದು ಬದಲಿ ಮಾಡಿದ್ರು.

ಯುವತಿ: ಬಿಟ್ಟು ಹೋಗಾಕ ಬ್ಯಾರೆ ದಾರಿ ಇದ್ದಿಲ್ಲ, ಅದಕ್ಕ ಒಳಗ ಇದ್ರು. ದಾರಿ ಇದ್ದವರು ಹುಡಕೂದು ದೊಡ್ಡಸ್ತನ ಅಲ್ರಿ.

ಹಿರಿಯರು: ದೊಡ್ಡಸ್ತನ ಅನ್ನವಲ್ಲೆ. ಒಂದು ವರ್ಷ ಚಪ್ಪಲಿ ಕೆಲಸಕ್ಕ ಇಳದು, ರೊಕ್ಕ ಬರಲಿಲ್ಲ ಅಂದ್ರ ಏನು ಮಾಡ್ತಿ?

ಯುವತಿ: ಸರ್ಕಾರದ ಯುವನಿಧಿ ಯೋಜನ್ಯಾಗ ಡಿಗ್ರಿ ಆದವರಿಗೆ ತಿಂಗಳಿಗೆ 3,000 ಐತ್ರಿ, ಎರಡು ವರ್ಷದ ತನಕ.

ಹಿರಿಯರು: ಪಾಸಾಗಿ ಆರು ತಿಂಗಳು ಖಾಲಿ ಕುಂತ ಮ್ಯಾಲ. ಕೆಲಸ ಹತ್ತಿದ ದಿನಾ ಬಂದ್. ಅದು ನೌಕರಿ ಹುಡುಕೂತನಕ ಜೀವ ಹಿಡ್ಯಾಕ, ಹೊಸಾದು ಕಟ್ಟಾಕ ಅಲ್ಲ.

ಯುವತಿ: ಅದೂ ಖರೇನ. ಪುಣೆಕ್ಕ ಹೋಗ್ತೀನಿ. ಆದ್ರ ಮನಸ್ಸು ತಾನ ಕೂಡ್ತೈತಿ ಅಂತ ನಂಬಿ ಅಲ್ಲ. ರವಿವಾರ ಅಲ್ಲಿ ಅಂಗಡಿ ತಿರುಗಿ ನಮ್ಮ ಜೋಡು ಯಾವ ರೇಟಿಗೆ ಮಾರ್ತಾರ, ಯಾರು ತಗೋತಾರ ನೋಡ್ತೀನಿ. ಬಾಂಡ್ ಮುಗಿದ ದಿನಾ ಇದ ಪ್ರಶ್ನೆ ನಿಮಗ ಮತ್ತ ಕೇಳ್ತೀನಿ.

ಹಿರಿಯರು: ಕೇಳು. ಎರಡು ವರ್ಷದಾಗ ಪಗಾರದ ರುಚಿ ಹತ್ತಿ ನೀ ಮರೀತಿ ಅಂತ ನನಗ ಅನಸ್ತೈತಿ. ನನ್ನ ಮಾತು ಸುಳ್ಳಾದ್ರ ಪೇಢೆ ನಾ ತರ್ತೀನಿ.

ಇಬ್ಬರಲ್ಲಿ ಯಾರ ಮಾತು ನಿಜವಾಗುತ್ತದೆಂದು ಈಗ ಹೇಳಲಾಗದು. ಆದರೆ ಈ ವಾದದ ಭಾರವೆಲ್ಲ ಹುಡುಗಿಯ ಮೇಲೆ, ಅವಳ ಅಣ್ಣನ ಮೇಲೆ ಬೀಳುವುದನ್ನು ಕಡಿಮೆ ಮಾಡಲು ಸಾಧ್ಯವಿದೆ. ಓದು ಮುಗಿಸುವ ತನಕ ಅವಳು ಒಂದು ಸಕ್ಕರೆ ಹಂಗಾಮನ್ನಾಗಲಿ, ಲಿಡ್ಕರ್ ಕೆಲಸವನ್ನಾಗಲಿ ಒಳಗಿನಿಂದ ನೋಡಿರಲಿಲ್ಲ. ತನ್ನ ಮನೆಯ ಕಸುಬಿಗೆ ತನ್ನ ಓದನ್ನು ಹೊಂದಿಸಿ ನೋಡುವ ಅವಕಾಶವೂ ಸಿಕ್ಕಿರಲಿಲ್ಲ. ಕಲಿಯುವವರಿಗೆ ಭತ್ಯೆ ಕೊಟ್ಟು ಕೆಲಸ ಕಲಿಸಲು 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಕಾಲೇಜುಗಳವರೇ, ಕೃಷ್ಣಾ ದಂಡೆಯ ಕಾರ್ಖಾನೆಗಳ ಆಡಳಿತದವರೇ, ಲಿಡ್ಕರ್ ಅಧಿಕಾರಿಗಳೇ, ಈ ಕಾಯ್ದೆಯನ್ನು ಬಳಸಿಕೊಂಡು ಕೊನೆಯ ವರ್ಷದ ಹುಡುಗ ಹುಡುಗಿಯರನ್ನು ಒಂದು ಹಂಗಾಮಿನ ಮಟ್ಟಿಗಾದರೂ ಒಳಗೆ ಕರೆಯಿರಿ. ಪುಣೆಯ ಬಾಂಡಿಗೆ ಅವರು ಸಹಿ ಹಾಕುವ ಮೊದಲೇ ಕರೆಯಿರಿ.